ಸಾಹುಕಾರರು ತಂದ ಬೂದು ಚಿತ್ರ

ಸಂಕೇಶ್ವರದ ಮೆಣಸಿನಕಾಯಿ ಸಾಹುಕಾರರು ನನ್ನನ್ನು ಕರೆಸಲು ಮೊದಲ ಸಲ ಜೀಪು ಕಳಿಸಿದ್ದು ಅವರ ಮನೆಯ ಒಂದು ಚಿತ್ರಕ್ಕೆ ಬೂಸಲು ಹಿಡಿದಿದ್ದರಿಂದ. ಆಗ ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹುಟ್ಟಿದೂರು ಮೂಡಲಗಿ. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಕೆಲಸ ಸಿಕ್ಕ ಮೇಲೆ ಅವ್ವನನ್ನು ಕರೆದುಕೊಂಡು ಹುಕ್ಕೇರಿಯಲ್ಲಿ ಮನೆ ಮಾಡಿದ್ದೆ. ಇನ್ನೂ ಮದುವೆಯಾಗದ ಹುಡುಗಿ. ತೊಂಬತ್ತರ ದಶಕದ ನಡುವಿನ ಮಾತು ಇದು.

ಮಾಳಿಗೆಯ ಹಾಲಿನಲ್ಲಿ ಸಾಹುಕಾರರು ಆ ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ ಕಾಯುತ್ತಿದ್ದರು. ಕೊಲ್ಲಾಪುರದಲ್ಲಿ ಕೊಂಡ ಹಳೆಯ ತೈಲಚಿತ್ರ. ಮಳೆಗಾಲದ ಥಂಡಿಗೆ ಅದರ ಒಂದು ಮೂಲೆಯಲ್ಲಿ ಬಿಳಿ ಬೂಸಲು ಎದ್ದಿತ್ತು. ಒರೆಸಿ ಸರಿ ಮಾಡಿಕೊಡಿ ಎಂದರು. ನಾನು ಹತ್ತು ನಿಮಿಷ ನೋಡಿ, ಈ ಕೆಲಸ ನನಗೆ ಗೊತ್ತಿಲ್ಲ, ಒರೆಸಿದರೆ ಬಣ್ಣವೂ ಎದ್ದುಬರಬಹುದು, ಪುಣೆಯಲ್ಲೋ ಮುಂಬೈಯಲ್ಲೋ ಇದನ್ನು ಬಲ್ಲವರು ಇರುತ್ತಾರೆ ಎಂದೆ. ಅಷ್ಟು ದೂರ ಕರೆಸಿದವರಿಗೆ ಬರಿಗೈಯಲ್ಲಿ ಉತ್ತರ ಕೊಟ್ಟೆನಲ್ಲ ಎಂದು ಮುಜುಗರವಾಗಿತ್ತು. ಅವರು ಮಾತ್ರ ಒಳಗೆ ತಿರುಗಿ ಚಹಾ ತರಲು ಹೇಳಿ, ನನ್ನ ಎದುರು ಕುಳಿತರು.

"ನಿಮ್ಮಕಿಂತ ಮೊದಲ ಮೂರ ಮಂದಿ ಬಂದಿದ್ರು. ಮೂವರೂ ಮಾಡಿಕೊಡ್ತೇನಿ ಅಂದ್ರು," ಎಂದರು. "ಗೊತ್ತಿಲ್ಲ ಅಂದಾವ್ರು ನೀವ ಒಬ್ರ."

ಅಂದಿನಿಂದ ಅವರ ಮನೆಗೆ ಹೋಗಿಬರುವುದು ಶುರುವಾಯಿತು. ಸಾಹುಕಾರರದು ತಲೆತಲಾಂತರದ ಜೈನ ವ್ಯಾಪಾರಿ ಮನೆತನ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮೆಣಸಿನಕಾಯಿಯ ತೊಟ್ಟು ಮುರಿದು, ಅಂಗೈಯಲ್ಲಿ ತಿಕ್ಕಿ, ಬಿಸಿಲಿಗೆ ಹಿಡಿದು, ಅದು ಯಾವ ಹೊಲದ ಮಾಲು, ಎಷ್ಟು ದಿನ ಒಣಗಿದೆ ಎಂದು ಹೇಳಿಬಿಡುತ್ತಿದ್ದರು. ಚಿತ್ರಗಳ ಹುಚ್ಚು ಹೇಗೆ ಹಿಡಿಯಿತು ಎಂದು ಒಮ್ಮೆ ಕೇಳಿದೆ. ಮಾಲಿನ ಮಾತಿಗೆ ಮುಂಬೈಗೆ ಹೋದಾಗ ಮಳೆ ತಪ್ಪಿಸಿಕೊಳ್ಳಲು ಒಂದು ಗ್ಯಾಲರಿಯೊಳಗೆ ಹೊಕ್ಕರಂತೆ. ಒಂದು ಚಿತ್ರದ ಮುಂದೆ ನಿಂತವರಿಗೆ ಮಳೆ ನಿಂತದ್ದೂ ತಿಳಿಯಲಿಲ್ಲ, ಕಾವಲಿನವನು ಬಂದು ಬಾಗಿಲು ಹಾಕಬೇಕು ಎಂದಾಗಲೇ ಎಚ್ಚರವಾಯಿತಂತೆ. ಆ ಚಿತ್ರ ಅವರ ಮಲಗುವ ಕೋಣೆಯಲ್ಲಿತ್ತು. ಒಂದು ಖಾಲಿ ಓಣಿ, ಅಷ್ಟೆ.

ಊರವರು ಅವರನ್ನು ನೋಡಿ ನಗುತ್ತಿದ್ದರು. ಗ್ವಾಡಿಗೆ ರೊಕ್ಕಾ ಬಡಿಯಾಕತ್ತಾನ ಎಂದು ನನ್ನ ಮುಂದೆಯೇ ಆಡಿದವರಿದ್ದರು. ನಾನೂ ಮೊದಮೊದಲು ಹಾಗೇ ಅಂದುಕೊಂಡಿದ್ದೆ ಎಂಬುದನ್ನು ಮುಚ್ಚಿಡಲಾರೆ. ಶ್ರೀಮಂತರಿಗೆ ಏನಾದರೊಂದು ಶೋಕಿ ಬೇಕು, ಇವರಿಗೆ ಇದು, ಅಂತ.

ಒಂದು ಸಂಜೆ ಮುಂಬೈಯಿಂದ ಬಂದಿದ್ದ ಚಿತ್ರಗಳ ಪಟ್ಟಿಯ ಪುಸ್ತಕವನ್ನು ಅವರಿಗೆ ಓದಿ ಹೇಳುತ್ತಿದ್ದೆ. ಇಂಗ್ಲಿಷು ಅವರಿಗೆ ಬರುತ್ತಿರಲಿಲ್ಲ. ಕೊನೆಯ ಹಾಳೆಗಳಲ್ಲಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಒಬ್ಬ ವಯಸ್ಸಾದ ಕಲಾವಿದೆಯ ಬಗ್ಗೆ ನಾಲ್ಕು ಸಾಲು ಇತ್ತು. ಹುಟ್ಟಿದ ಊರು, ಗೋಕಾಕ. ನಾನು ಓದುವುದನ್ನು ನಿಲ್ಲಿಸಿದೆ. ಸಾಹುಕಾರರು ಇನ್ನೊಮ್ಮೆ ಓದಿಸಿದರು. ಗೋಕಾಕ ನಮ್ಮಿಂದ ಬಸ್ಸಿನ ದಾರಿ. ಧಾರವಾಡದಲ್ಲಿ ನನಗೆ ಕಲಿಸಿದ ಗುರುಗಳಲ್ಲಿ ಒಬ್ಬರೂ ಆಕೆಯ ಹೆಸರು ಹೇಳಿರಲಿಲ್ಲ.

ಮುಂದಿನ ರವಿವಾರ ನಾವಿಬ್ಬರೂ ಗೋಕಾಕಕ್ಕೆ ಹೋಗಿ, ಮರದ ಗೊಂಬೆ ಮಾಡುವವರ ಓಣಿಯಲ್ಲಿ ವಿಚಾರಿಸಿದೆವು. ನಾಲ್ಕನೆಯ ಮನೆಯಲ್ಲಿ ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು ಮರದ ಸೀತಾಫಲಕ್ಕೆ ಹಸಿರು ಬಳಿಯುತ್ತಿದ್ದ. ಆಕೆ ತನ್ನ ದೊಡ್ಡಪ್ಪನ ಮಗಳು ಎಂದ. ನೂಲಿನ ಗಿರಣಿಯ ಇಂಗ್ಲಿಷ್ ಸಾಹೇಬನ ಹೆಂಡತಿ ಇವರ ಮನೆಗೆ ಗೊಂಬೆ ಕೊಳ್ಳಲು ಬರುತ್ತಿದ್ದಳು. ಆ ಮಡಮ್ಮ ಈ ಹುಡುಗಿಯ ಕೈ ನೋಡಿ ಮುಂಬೈಯ ಚಿತ್ರಶಾಲೆಗೆ ಕಳಿಸಿದಳು. ಅಲ್ಲಿಂದ ಆಕೆ ಹಡಗು ಹತ್ತಿ ಹೋದಳು. ತನ್ನ ಪಾಲಿಗೆ ಸತ್ತಳೆಂದು ಅಪ್ಪ ಅವಳ ಹೆಸರಿನಲ್ಲಿ ಸ್ನಾನ ಮಾಡಿಬಿಟ್ಟ. ಇದೆಲ್ಲ ಮನೆಯವರಿಂದ ಕೇಳಿದ್ದು, ಮುದುಕ ತಾನೇ ಕಂಡು ನೆನಪಿಟ್ಟದ್ದು ಒಂದೇ ಸಂಗತಿ.

"ಆಕಿ ಬಾಳಿಹಣ್ಣಿಗೆ ಕರೀ ಚುಕ್ಕಿ ಹಾಕ್ತಿದ್ಲುರಿ. ಕೊಳತ ಹಣ್ಣ ಯಾರ ತಗೋತಾರ ಅಂತ ನಮ್ಮ ದೊಡ್ಡಪ್ಪ ಬಡೀತಿದ್ದ. ಮತ್ತ ಹಾಕ್ತಿದ್ಲು."

ಜೀಪಿನಲ್ಲಿ ವಾಪಸು ಹೊರಟೆವು. ಅರಭಾವಿ ದಾಟಿದ ಮೇಲೆ ಸಾಹುಕಾರರು, ಪ್ಯಾರಿಸ್ಸಿಗೆ ಹೋಗುವುದೇ ಸೈ ಎಂದರು. ಅಂಥ ಬಣ್ಣಗಾರ್ತಿಯ ಒಂದು ಚಿತ್ರವೂ ಈ ಕಡೆ ಇಲ್ಲವೆಂದರೆ ಹೇಗೆ, ನಾನೇ ಹೋಗಿ ತರುತ್ತೇನೆ, ನೀವು ಮಾತಿಗೆ ಜೊತೆಗಿರಬೇಕು ಎಂದರು. ನಾನು ಬೆಳಗಾವಿ, ಧಾರವಾಡ ಬಿಟ್ಟರೆ ಮುಂಬೈಯನ್ನೂ ಸರಿಯಾಗಿ ಕಂಡವಳಲ್ಲ. ಅವ್ವ ಒಪ್ಪಲಿಲ್ಲ. ಆಗ ಸಾಹುಕಾರರ ಹೆಂಡತಿ, ನಾನು ಕಾಕೂ ಎಂದು ಕರೆಯುತ್ತಿದ್ದವರು, ತಾವೇ ಹುಕ್ಕೇರಿಗೆ ಬಂದು ಅವ್ವನ ಪಕ್ಕ ಕೂತು, ತಾವೂ ಹೊರಟಿರುವುದಾಗಿ ಹೇಳಿದರು. ಮಗಳನ್ನು ಕಣ್ಣಿನಿಂದ ಮರೆ ಮಾಡುವುದಿಲ್ಲ ಎಂದರು. ಅವ್ವ ಒಪ್ಪಿದಳು. ಮೇ ತಿಂಗಳ ರಜೆಯಲ್ಲಿ ನಾವು ಮೂವರೂ ಹೊರಟೆವು.

ಕಾಕೂ ಒಂದು ಪೆಟ್ಟಿಗೆಯ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಐದು ಕಿಲೋ ಜೋಳದ ಹಿಟ್ಟು, ರೊಟ್ಟಿ ಬೇಯಿಸುವ ಒಂದು ಸಣ್ಣ ಹಂಚು ತುಂಬಿದ್ದರು. ಸೂರ್ಯ ಮುಳುಗಿದ ಮೇಲೆ ಆ ದಂಪತಿ ಏನನ್ನೂ ತಿನ್ನುವವರಲ್ಲ. ಪ್ಯಾರಿಸ್ಸಿನಲ್ಲಿ ಆ ದಿನಗಳಲ್ಲಿ ಒಂಬತ್ತೂವರೆಗೂ ಬೆಳಕಿರುತ್ತಿತ್ತು. ಮೊದಲ ದಿನ ಕಾಕೂ ಎಂದಿನಂತೆ ಆರಕ್ಕೆ ಊಟ ಮುಗಿಸಿ ಕಿಟಕಿಯ ಹತ್ತಿರ ಕುಳಿತರು. ಎಂಟಾಯಿತು, ಬಿಸಿಲು ಹಾಗೇ ಇತ್ತು. ಒಂಬತ್ತಕ್ಕೆ ಮತ್ತೆ ಡಬ್ಬಿ ತೆರೆದು, ಈ ಊರು ನಮ್ಮ ಧರ್ಮಕ್ಕೆ ಛಲೋ ಐತಿ ಎಂದು ಇನ್ನೊಂದು ರೊಟ್ಟಿ ತಿಂದರು.

ಮುಂಬೈಯ ಗ್ಯಾಲರಿಯವರು ಒಬ್ಬ ಗುಜರಾತಿ ದಲಾಲನನ್ನು ಗೊತ್ತು ಮಾಡಿದ್ದರು. ಅವನು ಎರಡು ದಿನ ನಮ್ಮನ್ನು ಅಂಗಡಿಯಿಂದ ಅಂಗಡಿಗೆ ಸುತ್ತಿಸಿದ. ಹೆಸರಾದವರ ಚಿತ್ರಗಳನ್ನು ತೋರಿಸಿ, ಇದನ್ನು ಕೊಂಡರೆ ನಾಳೆ ಬೆಲೆ ಏರುತ್ತದೆ ಎನ್ನುತ್ತಿದ್ದ. ಸಾಹುಕಾರರು ಹೂಂ ಎನ್ನುತ್ತ ಮುಂದೆ ಹೋಗುತ್ತಿದ್ದರು. ಎರಡನೆಯ ದಿನ ಒಂದು ಇಕ್ಕಟ್ಟಾದ ಅಂಗಡಿಯ ಬಾಗಿಲ ಹಿಂದೆ, ಯಾರೋ ಹೆಸರಿಲ್ಲದವರು ಬರೆದ ಒಂದು ಜೋಡಿ ಹಳೆ ಬೂಟಿನ ಚಿತ್ರ ನೇತುಹಾಕಿದ್ದರು. ಅದನ್ನು ಕೊಂಡರು. ದಲಾಲ ನನ್ನ ಮುಖ ನೋಡಿದ. ಬೂಟು ಬಿಚ್ಚಿಟ್ಟವನು ದಣಿದಿದ್ದಾನೆ, ಅದು ಕಾಣುತ್ತದೆ ಎಂದು ಸಾಹುಕಾರರು ಹೇಳಿದ್ದನ್ನು ನಾನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಅವರು ಅದರ ಮುಂದೆ ನಿಲ್ಲುವ ತನಕ ನಾನು ಆ ಚಿತ್ರವನ್ನು ಗಮನಿಸಿಯೂ ಇರಲಿಲ್ಲ. ಅವರ ಕಣ್ಣಿನ ಬಗ್ಗೆ ನನ್ನ ಅನುಮಾನ ಹೋದದ್ದು ಆ ಬಾಗಿಲ ಹಿಂದೆ.

ಮೂರನೆಯ ದಿನ ಆ ಕಲಾವಿದೆಯ ಮನೆಗೆ ಹೋದೆವು. ಐದನೆಯ ಮಹಡಿ, ಲಿಫ್ಟಿಲ್ಲ. ಮೊಣಕಾಲು ನೋವಿನ ಕಾಕೂ ಪ್ರತಿ ಮಹಡಿಯಲ್ಲೂ ಮೆಟ್ಟಿಲ ಮೇಲೆ ಕೂತು ಎದ್ದು ಬಂದರು. ಬಾಗಿಲು ತೆರೆದವರು ಎಪ್ಪತ್ತು ದಾಟಿದ ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಬಣ್ಣ ಮೆತ್ತಿದ ಗಂಡಸರ ಅಂಗಿ. ಸಾಹುಕಾರರು ಕೈಮುಗಿದು ಕನ್ನಡದಲ್ಲಿ ನಮಸ್ಕಾರ ಹೇಳಿದರು. ಆಕೆ ಇಂಗ್ಲಿಷಿನಲ್ಲಿ ಒಳಗೆ ಬನ್ನಿ ಎಂದರು. ಕನ್ನಡ ಮರೆತಿದ್ದಾರೆ, ಫ್ರೆಂಚ್ ಬಿಟ್ಟರೆ ಇಂಗ್ಲಿಷ್ ಅಷ್ಟೆ ಎಂದು ಗ್ಯಾಲರಿಯವರು ಮೊದಲೇ ಹೇಳಿದ್ದರು. ಹೀಗಾಗಿ ಮಾತೆಲ್ಲ ನನ್ನ ಮೂಲಕವೇ ನಡೆಯಿತು. ಯಾರು ಕಳಿಸಿದರು, ಏನು ಬೇಕು, ಎಷ್ಟು ಹೊತ್ತು ಇರುತ್ತೀರಿ. ಒಂದೊಂದು ಪ್ರಶ್ನೆಯೂ ನೆಲಕ್ಕೆ ಮೊಳೆ ಹೊಡೆದಂತೆ ಇತ್ತು. ಸಾಹುಕಾರರು ಹೆಂಡತಿಯ ಕಡೆ ಬಾಗಿ, ಮುದುಕಿ ಬಾಳ ಖಡಕ್ ಅದಾಳ ಎಂದು ಪಿಸುಗುಟ್ಟಿದರು.

"ಮುದುಕಿ ಖರೇನ ಖಡಕ್ ಅದಾಳ," ಎಂದರು ಆಕೆ. "ಕುಂಡ್ರಿ."

ನಮಗೆ ಮೂವರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೊದಲು ನಕ್ಕವರು ಕಾಕೂ. ಆಮೇಲೆ ಆಕೆಯೂ ನಕ್ಕರು. ನಲವತ್ತು ವರ್ಷದ ಮೇಲೆ ಆಡಿದ ಮೊದಲ ಕನ್ನಡ ಅದು ಎಂದು ಆಮೇಲೆ ಹೇಳಿದರು. ಮಾತುಗಳು ಒಂದೊಂದಾಗಿ, ತಡೆತಡೆದು ಬರುತ್ತಿದ್ದವು. ಕೆಲವಕ್ಕೆ ಕಣ್ಣು ಮುಚ್ಚಿ ಹುಡುಕುತ್ತಿದ್ದರು. ಆದರೆ ಬಂದ ಮಾತು ನಮ್ಮ ಅಜ್ಜಿಯಂದಿರ ಕಾಲದ ಅಪ್ಪಟ ಗೋಕಾಕದ ಮಾತು.

ಕೋಣೆಯ ಗೋಡೆಗೆ ಒರಗಿಸಿಟ್ಟ ಚಿತ್ರಗಳನ್ನು ಆಕೆ ಒಂದೊಂದಾಗಿ ತಿರುಗಿಸಿದರು. ಎಲ್ಲವೂ ಆಳೆತ್ತರದವು. ಎಲ್ಲವೂ ಬೂದು, ಬಿಳಿ, ಎಲ್ಲೋ ಒಂದಿಷ್ಟು ಹಳದಿ. ಮನುಷ್ಯರಿಲ್ಲ, ಮರವಿಲ್ಲ, ಗೆರೆಯೂ ಇಲ್ಲ. ಸಾಹುಕಾರರ ಮುಖ ಸಣ್ಣದಾದದ್ದನ್ನು ನಾನು ಕಂಡೆ. ನಮ್ಮ ಕಡೆಯ ಚಿತ್ರ ಯಾವುದಾದರೂ ಇದೆಯೇ ಎಂದು ಕೇಳಿಬಿಟ್ಟರು. ಆಕೆಯ ಧ್ವನಿ ಮತ್ತೆ ಬಿಗಿಯಾಯಿತು. ಊರು ಬಿಟ್ಟ ಮೇಲೆ ಊರನ್ನು ಬರೆದಿಲ್ಲ, ಬರೆಯುವುದೂ ಇಲ್ಲ, ಇಂಡಿಯಾದಿಂದ ಬಂದವರೆಲ್ಲ ಎತ್ತಿನ ಚಕ್ಕಡಿ ಕೇಳುತ್ತಾರೆ, ಕೊಡ ಹೊತ್ತ ಹೆಂಗಸರನ್ನು ಕೇಳುತ್ತಾರೆ ಎಂದರು.

ಸಾಹುಕಾರರು ತಪ್ಪಾಯಿತು ಎಂದರು. ಆಮೇಲೆ ಒಂದು ದೊಡ್ಡ ಬೂದು ಚಿತ್ರದ ಮುಂದೆ ಒಂದು ತಾಸು ನಿಂತರು. ಕಾಕೂ ಕುರ್ಚಿಯಲ್ಲೇ ತೂಕಡಿಸಿದರು. ಆ ಹೊತ್ತಿನಲ್ಲೇ ಆಕೆ ನನ್ನನ್ನು ಕೇಳಿದ್ದು, ನೀ ಏನ್ ಬರೀತಿ ಅಂತ. ನಾನು ಶಾಲೆಯಲ್ಲಿ ಕಲಿಸುತ್ತೇನೆ, ಬರೆಯಲು ವೇಳೆ ಸಿಗುವುದಿಲ್ಲ ಎಂದೆ.

"ಯಾಳೆ ಕೇಳಲಿಲ್ಲ ನಾ," ಎಂದರು. "ಏನ್ ಬರೀತಿ ಅಂತ ಕೇಳಿದ್ನಿ."

ಕೆಲಸ ಸಿಕ್ಕ ಮೇಲೆ ನನ್ನದೆಂದು ಒಂದು ಚಿತ್ರವನ್ನೂ ಬರೆದಿರಲಿಲ್ಲ. ಆದರೂ ಹುಕ್ಕೇರಿಯ ಹಳೆಯ ಗೋರಿ ಗುಮ್ಮಟಗಳನ್ನು ಬರೆಯುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಆಕೆ ತಲೆಯಾಡಿಸಿದರು. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು.

ಸಾಹುಕಾರರು ಕೊನೆಗೆ ತಿರುಗಿ ಬಂದು ಆಕೆಯ ಮುಂದೆ ನಿಂತರು.

"ಅಕ್ಕಾರ, ನನಗ ಇದು ತಿಳೀಲಿಲ್ರಿ. ತಿಳೀಲಾರದ್ದ ತಗೊಂಡ ಹೋದ್ರ ನಿಮಗ ಮರ್ಯಾದಿ ಮಾಡಿದಂಗ ಆಗೂದಿಲ್ಲ. ಇವತ್ತ ನಾ ಏನೂ ತಗೋಳೂದಿಲ್ಲ."

ಸಾವಿರಾರು ಮೈಲಿ ದಾಟಿ ಬಂದು ಹೀಗೆ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಕಾಕೂ ಎಚ್ಚರಗೊಂಡು, ಮರ್ಯಾದೆಗಾದರೂ ಸಣ್ಣದೊಂದು ತಗೊಳ್ಳಿ ಎಂದು ಕಣ್ಸನ್ನೆ ಮಾಡುತ್ತಿದ್ದರು. ಆಕೆ ಮಾತ್ರ ಸಾಹುಕಾರರನ್ನೇ ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಕಾಕೂ ಅವರ ಕಡೆ ತಿರುಗಿ, ಹಿಟ್ಟು ತಂದೀರೇನು ಎಂದು ಕೇಳಿದರು. ತಂದಿದ್ದೇವೆ ಎಂದದ್ದಕ್ಕೆ, ಹಂಗಾದ್ರ ನಾಳೆ ಬರ್ರಿ ಎಂದರು.

ಮರುದಿನ ಕಾಕೂ ಆ ಐದನೆಯ ಮಹಡಿಯ ಸಣ್ಣ ಅಡುಗೆ ಮನೆಯಲ್ಲಿ ರೊಟ್ಟಿ ಬಡಿದರು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಮನೆಯವಳು ಬಂದು ಬಾಗಿಲು ತಟ್ಟಿದಳು. ಆಕೆ ಫ್ರೆಂಚಿನಲ್ಲಿ ಏನೋ ಹೇಳಿ ಕಳಿಸಿ, ನೆಲದ ಮೇಲೆಯೇ ಕುಳಿತು ಮೂರು ರೊಟ್ಟಿ ತಿಂದರು. ಚಟ್ನಿಯನ್ನು ನಾಲಿಗೆಗೆ ಹಚ್ಚಿ, ಇದರಾಗ ಬಳ್ಳೊಳ್ಳಿ ಇಲ್ಲೇನ ಎಂದರು. ನಾವು ಹಾಕುವುದಿಲ್ಲ ಎಂದು ಕಾಕೂ ಹೇಳಿದಾಗ, ಅಯ್ಯ, ಸಂಕೇಶ್ವರದ ಜೈನರಲ್ಲೇನು ನೀವು, ಮರೆತಿದ್ದೆ ಎಂದು ಹಣೆ ಚಚ್ಚಿಕೊಂಡರು.

ಊಟದ ನಡುವೆ ಸಾಹುಕಾರರು ಎದ್ದು ಕೈ ತೊಳೆದುಕೊಂಡು ಮತ್ತೆ ಆ ಚಿತ್ರದ ಮುಂದೆ ಹೋಗಿ ನಿಂತಿದ್ದರು. ಹೊರಗೆ ಮೋಡ ಮುಚ್ಚಿ ಕೋಣೆಯ ಬೆಳಕು ಇಳಿದಿತ್ತು. ನಾವು ಹಿಂದೆ ಹೋಗಿ ನಿಂತೆವು.

"ಆಗಸ್ಟದಾಗ ಗೋಕಾಕ ಧಬಧಬಿ ಮುಂದ ತೂಗಸೇತುವಿ ಮ್ಯಾಲ ನಿಂತ್ರ ಮಾರಿಗೆ ಹನಿ ಬಡಿತಾವಲ್ಲ, ಏನೂ ಕಾಣೂದಿಲ್ಲ, ಬರೇ ಬೆಳ್ಳಗ," ಎಂದರು ಸಾಹುಕಾರರು. "ಇದು ಅದ ಐತ್ರಿ ಅಕ್ಕಾರ. ಇದನ್ನ ನನಗ ಕೊಡ್ರಿ."

ಆಕೆ ಸಂತೋಷಪಡುತ್ತಾರೆ ಎಂದುಕೊಂಡೆ. ನನಗೂ ಆ ಕ್ಷಣಕ್ಕೆ ಗೋಕಾಕದ ಜಲಪಾತದಲ್ಲಿ ಧುಮುಕುವ ಘಟಪ್ರಭೆಯ ನೀರು ಮೈಮೇಲೆ ಬಂದಂತೆ ಆಗಿತ್ತು. ಆದರೆ ಆಕೆಯ ಮುಖ ಕೆಂಪಾಯಿತು. ಇದು ಧಬಧಬೆಯಲ್ಲ, ಏನೂ ಅಲ್ಲ, ಬೂದು ಬಣ್ಣ ಅಷ್ಟೆ ಎಂದರು. ನಿಮ್ಮಂಥವರು ಎಲ್ಲಿ ಹೋದರೂ ನಿಮ್ಮ ಊರನ್ನೇ ಕಾಣುತ್ತೀರಿ, ಅಲ್ಲಿಂದ ತಪ್ಪಿಸಿಕೊಳ್ಳಲು ನನಗೆ ಇಡೀ ಜೀವಮಾನ ಹಿಡಿದಿದೆ, ಎರಡು ದಿನಕ್ಕೆ ಬಂದು ಮತ್ತೆ ನನ್ನನ್ನು ಅದರೊಳಗೆ ನೂಕಬೇಡಿ ಎಂದರು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಕೊನೆಗೆ ದನಿ ತಗ್ಗಿಸಿ, ಧಬಧಬೆ ಕಾಣುವವರಿಗೆ ಈ ಚಿತ್ರ ಮಾರುವುದಿಲ್ಲ ಎಂದು ಮುಗಿಸಿದರು.

ಸಾಹುಕಾರರು ವಾದ ಮಾಡಲಿಲ್ಲ. ಬಾಗಿ ನಮಸ್ಕಾರ ಮಾಡಿ ಹೊರಬಂದರು. ಕಾಕೂ ಹಂಚು ಮತ್ತು ಉಳಿದ ಹಿಟ್ಟನ್ನು ಅಲ್ಲೇ ಬಿಟ್ಟು ಬಂದರು. ವಿಮಾನದಲ್ಲಿ ಸಾಹುಕಾರರು ನನಗೆ ಹೇಳಿದ್ದು ಒಂದೇ ಮಾತು. ಆಕೆ ಸಿಟ್ಟಾದದ್ದು ಸರಿ, ನಾನು ಕಂಡದ್ದನ್ನು ಹೇಳಿದ್ದೂ ಸರಿ, ಎರಡೂ ಸರಿಯಾದರೆ ಏನು ಮಾಡಬೇಕು ಅಂತ.

ಆಗಸ್ಟ್ ಕೊನೆಗೆ ನನ್ನ ಶಾಲೆಯ ವಿಳಾಸಕ್ಕೆ ಒಂದು ಪತ್ರ ಬಂತು. ಒಳಗೆ ಕನ್ನಡ ಅಕ್ಷರ. ನಾಲ್ಕನೇ ಇಯತ್ತೆಯ ಹುಡುಗಿ ಬರೆದಂತೆ ದೊಡ್ಡ ದೊಡ್ಡ ಅಕ್ಷರಗಳು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪು. ಅದರಲ್ಲಿದ್ದದ್ದು ಇಷ್ಟು: "ನಿಮ್ಮ ಸಾವುಕಾರ ನನ್ನ ಚಿತ್ರ ಕೆಡಿಸಿಬಿಟ್ಟ. ಈಗ ನನಗೂ ಅದರಾಗ ಅದ ಕಾಣತೈತಿ. ಮನಿಯೊಳಗ ಇಟಗೊಳ್ಳಾಕ ಆಗವೊಲ್ಲದು. ಬಂದು ಒಯ್ಯಂತ ಹೇಳು."

ಪತ್ರ ಹಿಡಿದು ಸಂಕೇಶ್ವರದ ಬಸ್ ಹತ್ತಿದೆ. ಸಾಹುಕಾರರು ಅಂಗಳದಲ್ಲಿ ಮೆಣಸಿನಕಾಯಿಯ ಚೀಲಗಳ ನಡುವೆ ನಿಂತಿದ್ದರು. ಅಲ್ಲಿಯೇ ಓದಿ ಹೇಳಿದೆ. ಎರಡು ಸಲ ಓದಿಸಿದರು. ಆಮೇಲೆ ಚೀಲದ ಮೇಲೆ ಕುಳಿತು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. ಮೆಣಸಿನಕಾಯಿ ಘಾಟು ಎಂದರು.

ಮುಂಬೈಯ ಗ್ಯಾಲರಿಯವರ ಮೂಲಕ ತರಿಸಿಕೊಂಡ ಚಿತ್ರ ಬಂದದ್ದು ದೀಪಾವಳಿಯ ಹೊತ್ತಿಗೆ, ಬಾಗಿಲಿನಷ್ಟು ಎತ್ತರದ ಕಟ್ಟಿಗೆಯ ಪೆಟ್ಟಿಗೆಯಲ್ಲಿ. ಹಾಲಿನ ದೊಡ್ಡ ಗೋಡೆಯನ್ನು ಖಾಲಿ ಮಾಡಿ ಅದೊಂದನ್ನೇ ತೂಗುಹಾಕಿದರು. ನೋಡಲು ಬಂದವರು ಇದೇನು, ಇನ್ನೂ ಬಣ್ಣ ಹಚ್ಚುವುದಿದೆಯೇ ಎಂದು ಕೇಳಿದರು. ಸಾಹುಕಾರರು ಅದು ಧಬಧಬೆ ಎಂದು ಒಬ್ಬರಿಗೂ ಹೇಳಲಿಲ್ಲ. ಆಕೆಗೆ ಮಾತು ಕೊಟ್ಟಿರಲಿಲ್ಲ, ಆದರೂ ಹೇಳಲಿಲ್ಲ. ಮೆಣಸಿನಕಾಯಿ ಆರಿಸುವ ಹೆಂಗಸರನ್ನು ಒಂದು ಮಧ್ಯಾಹ್ನ ಮೇಲೆ ಕರೆದು ತೋರಿಸಿದರು. ಅವರಲ್ಲಿ ದಡ್ಡಿ ಎಂಬ ಊರಿನ ಕಡೆಯವಳೊಬ್ಬಳು ಬಹಳ ಹೊತ್ತು ನಿಂತು, ಇದರ ಮುಂದೆ ನಿಂತರೆ ಥಂಡಿ ಆಗುತ್ತದೆ ಎಂದು ಸೆರಗು ಹೊದ್ದುಕೊಂಡಳು. ಅಷ್ಟು ಸಾಕು ಎಂದರು ಸಾಹುಕಾರರು.

ಅಲ್ಲಿಂದ ಮುಂದೆ ಅವರು ಪ್ರತಿ ವರ್ಷ ಮೇ ತಿಂಗಳಿನಲ್ಲಿ ಕಾಕೂ ಜೊತೆ ಪ್ಯಾರಿಸ್ಸಿಗೆ ಹೋದರು. ನಾನು ಇನ್ನೆರಡು ಸಲ ಹೋದೆ. ಆಕೆಯ ಇನ್ನೂ ಎರಡು ಚಿತ್ರ ತಂದರು, ಬೇರೆಯವರ ಹಲವು ತಂದರು. ಆದರೆ ಹೋಗುತ್ತಿದ್ದದ್ದು ಚಿತ್ರಕ್ಕೆ ಮಾತ್ರ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಕೆ ಅವರಿಗೆ ತಾನು ಹೇಗೆ ಬೂದು ಬಣ್ಣ ಕಲಸುತ್ತೇನೆ ಎಂದು ತೋರಿಸುತ್ತಿದ್ದರು. ಇಬ್ಬರೂ ಜಗಳವಾಡುತ್ತಿದ್ದರು. ಕಾಕೂ ಬೆಳ್ಳುಳ್ಳಿ ಹಾಕಿದ ಚಟ್ನಿಯನ್ನು ಕೆಲಸದವಳ ಕೈಯಿಂದ ಬೇರೆಯಾಗಿ ಮಾಡಿಸಿ, ಬೇರೆ ಡಬ್ಬಿಯಲ್ಲಿ ಒಯ್ಯುತ್ತಿದ್ದರು. ಒಮ್ಮೆ ಊರಿಗೆ ಬನ್ನಿ ಎಂದು ಸಾಹುಕಾರರು ಪ್ರತಿ ಸಲ ಕರೆಯುತ್ತಿದ್ದರು, ಆಕೆ ಪ್ರತಿ ಸಲ ಇಲ್ಲ ಎನ್ನುತ್ತಿದ್ದರು. ಗೊಂಬೆ ಓಣಿಯ ಆ ಮುದುಕನ, ಆಕೆಯ ತಮ್ಮನ, ಫೋಟೋ ತೋರಿಸಿದರೆ ನೋಡಿ ವಾಪಸು ಕೊಡುತ್ತಿದ್ದರು.

ನಾನು ಆ ಮೊದಲ ಪ್ರವಾಸದಿಂದ ಬಂದ ಮೇಲೆ ಬೆಳಗಾವಿಗೆ ಹೋಗಿ ಬಣ್ಣ, ಕ್ಯಾನ್ವಾಸು ತಂದೆ. ರವಿವಾರಗಳಂದು ಹುಕ್ಕೇರಿಯ ಗುಮ್ಮಟಗಳ ಮುಂದೆ ಕೂತೆ. ಹೇಳಿದ ಸುಳ್ಳನ್ನು ನಿಜ ಮಾಡಬೇಕೆಂಬ ಹಟ. ಸಾಹುಕಾರರು ಬಂದಾಗಲೆಲ್ಲ ತಪ್ಪದೆ ನೋಡುತ್ತಿದ್ದರು. ಇನ್ನೂ ಆಗಿಲ್ಲರಿ ಟೀಚರ್ ಎನ್ನುತ್ತಿದ್ದರು. ನನ್ನ ಒಂದು ಚಿತ್ರವನ್ನೂ ಅವರು ಕೊಳ್ಳಲಿಲ್ಲ. ಅದಕ್ಕೆ ನನಗೆ ಎಷ್ಟೋ ದಿನ ನೋವಿತ್ತು. ಈಗ ಆ ಚಿತ್ರಗಳನ್ನು ತೆಗೆದು ನೋಡಿದರೆ ಅವರು ಹೇಳಿದ್ದು ಸರಿ ಅನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಚಳಿಗಾಲದಲ್ಲಿ ಆಕೆ ತೀರಿಕೊಂಡರು. ಪಕ್ಕದ ಮನೆಯವಳು ಫೋನು ಮಾಡಿಸಿದಳು. ಸಾಹುಕಾರರಿಗೆ ಆಗ ಸಕ್ಕರೆ ಕಾಯಿಲೆ ಜೋರಾಗಿತ್ತು, ಆದರೂ ಹೋದರು. ಕಾಕೂ ಹೋದರು. ನನಗೆ ರಜೆ ಸಿಗಲಿಲ್ಲ. ಈ ಹೊತ್ತಿಗೆ ಗೋಕಾಕದಲ್ಲಿ ಆಕೆಯ ಹೆಸರು ನಾಲ್ಕು ಜನರಿಗೆ ತಿಳಿದಿತ್ತು. ಬೂದಿಯನ್ನು ಊರಿಗೆ ತಂದು ಘಟಪ್ರಭೆಯಲ್ಲಿ ಬಿಡಬೇಕು, ಸಭೆ ಮಾಡಬೇಕು, ಮೆರವಣಿಗೆ ಮಾಡಬೇಕು ಎಂದು ಕೆಲವರು, ಪ್ರಯಾಣಕ್ಕೆ ಮೊದಲೇ, ಸಾಹುಕಾರರ ಮನೆಗೆ ಬಂದು ಕೂತಿದ್ದರಂತೆ. ಓಣಿಯ ತಮ್ಮನೂ ಬಂದಿದ್ದ. ಸಾಹುಕಾರರು ಎಲ್ಲರಿಗೂ ಚಹಾ ಕೊಟ್ಟು, ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರು.

ಅವರು ಬರಿಗೈಯಲ್ಲಿ ವಾಪಸು ಬಂದರು. ಆಕೆ ಬರೆದಿಟ್ಟಂತೆ, ಪ್ಯಾರಿಸ್ಸಿನ ಹೊರಗಿನ ಸ್ಮಶಾನದ ಹುಲ್ಲಿನ ಮೇಲೆಯೇ ಬೂದಿ ಚೆಲ್ಲಿ ಬಂದಿದ್ದರು. ಗೋಕಾಕದವರಿಗೆ ಬೇಸರವಾಯಿತು. ನಾನೂ ಕೇಳಿದೆ, ಒಂದು ಚಿಟಿಕೆಯಾದರೂ ತರಬಹುದಿತ್ತಲ್ಲ, ಯಾರಿಗೆ ಗೊತ್ತಾಗುತ್ತಿತ್ತು ಎಂದು. ಅವರು ಹಾಲಿನಲ್ಲಿ ಕಾಲು ಚಾಚಿ ಕೂತಿದ್ದರು. ಕಾಕೂ ಅವರ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದರು.

"ಆಕಿ ಬ್ಯಾಡ ಅಂದಾಳ ಟೀಚರ್ರ," ಎಂದರು. "ಒಮ್ಮಿ ಆಕಿ ಚಿತ್ರದಾಗ ನಾ ನಮ್ಮ ಊರ ತುರಕಿದ್ನಿ. ಆಕಿನ್ನೂ ತಂದ ಊರಾಗ ತುರಕಲೇನು?"

ಕಾಕೂ ಎಣ್ಣೆಯ ಬಟ್ಟಲು ಬದಿಗಿಟ್ಟು, ಇನ್ನೊಂದು ಕಾಲು ಚಾಚಲು ಹೇಳಿದರು. ಸಾಹುಕಾರರು ಚಾಚಿದರು.